ತೊಟ್ಟಿಲ ಹಗ್ಗದ ರೇಡಿಯೋ

ಮುಂಬೈಯ ಜನಕ್ಕೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ ಎಂಬುದು ಸಿದ್ದರಾಮಪ್ಪನ ಖಾಯಂ ದೂರು. ಸ್ಟೇಷನ್ನಿನಲ್ಲಿ ಟಿಕೀಟು ಕೊಡುವವನು ಜಾಲರಿಯ ಹಿಂದೆ ಕೂತು ಗೊಣಗುತ್ತಾನೆ. ಬಸ್ಸಿನ ಕಂಡಕ್ಟರು ಮೀಸೆಯೊಳಗೇ ಮಾತು ಮುಗಿಸುತ್ತಾನೆ. ಕಿರಾಣಿ ಅಂಗಡಿಯ ಸೇಠನಂತೂ ತುಟಿ ಅಲ್ಲಾಡಿಸಲೂ ಜಿಪುಣ. ನಮ್ಮ ಕಡೆಯವರನ್ನು ನೋಡಿ, ಹೊಲದ ಈ ಬದುವಿನ ಮೇಲೆ ನಿಂತು ಮಾತಾಡಿದರೆ ಆ ಬದುವಿನವನು ಎತ್ತು ನಿಲ್ಲಿಸಿ ಉತ್ತರ ಕೊಡುತ್ತಾನೆ, ಅದಕ್ಕೆ ಮಾತು ಅನ್ನಬೇಕು ಎಂದು ಅವನು ತನ್ನ ವಠಾರದ, ಅಂದರೆ ಚಾಳಿನ, ಕಟ್ಟೆಯ ಮೇಲೆ ಕೂತು ಇಡೀ ಚಾಳಿಗೆ ಕೇಳುವಂತೆ ಹೇಳುತ್ತಿದ್ದ. ಅವನು ಮುಂಬೈಗೆ ಬಂದ ಹೊಸದರಲ್ಲೂ ಇದೇ ಜನ ಹೀಗೇ ಮಾತಾಡುತ್ತಿದ್ದರು, ಆಗ ಅವನಿಗೆ ಎಲ್ಲ ಸರಿಯಾಗಿ ತಿಳಿಯುತ್ತಿತ್ತು. ಈ ಸಣ್ಣ ಸಂಗತಿ ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಸಿದ್ದರಾಮಪ್ಪ ವಿಜಾಪುರ ಜಿಲ್ಲೆಯ ಇಂಡಿ ಕಡೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ಸೋಲಾಪುರದ ಮೇಲೆ ಹಾಯ್ದು ಮುಂಬೈಗೆ ಬಂದವನು ಜೋಗೇಶ್ವರಿಯ ಒಂದು ತಗಡಿನ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತ. ಸ್ಟೀಲಿನ ಡಬ್ಬಿಗಳಿಗೆ ಮುಚ್ಚಳ ಮಾಡುವ ಶೆಡ್ಡು ಅದು. ಅಲ್ಲಿನ ಪ್ರೆಸ್ಸೆಂದರೆ ಅಚ್ಚೊತ್ತುವ ಆಳೆತ್ತರದ ಯಂತ್ರ. ಮೇಲಿನ ಅಚ್ಚು ಕೆಳಗಿನ ಅಚ್ಚಿನ ಮೇಲೆ ಬಂದು ಬಡಿದರೆ ನಡುವಿನ ತಗಡು ಮುಚ್ಚಳವಾಗಿ ಹೊರಬೀಳುತ್ತದೆ. ಹೊಸಬರು ಮೊದಲ ದಿನ ಪ್ರತಿ ಹೊಡೆತಕ್ಕೂ ಕಣ್ಣು ಮುಚ್ಚುತ್ತಾರೆ, ಆಮೇಲೆ ಮುಚ್ಚುವುದನ್ನು ಮರೆಯುತ್ತಾರೆ. ಅಂಥವು ಸಾಲಾಗಿ ಬಡಿಯುವ ಜಾಗದಲ್ಲಿ ಬಾಯಿಗೆ ಕೆಲಸವೇ ಇರಲಿಲ್ಲ. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ, ಶೆಡ್ಡಿನ ಮಾಲೀಕ ಸೇಠ ಬಂದರೆ ಹೊಟ್ಟೆಯ ಮೇಲೆ ಕೈ ಸುತ್ತುವುದು, ಉಳಿದದ್ದೆಲ್ಲ ತುಟಿಯ ಆಟ. ಎದುರಿನವನ ತುಟಿ ನೋಡಿ ಮಾತು ತಿಳಿದುಕೊಳ್ಳುವುದು ಶೆಡ್ಡಿನವರಿಗೆಲ್ಲ ಬರುತ್ತಿತ್ತು. ಸಿದ್ದರಾಮಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಅದು ತನ್ನ ಜಾಣತನ ಎಂದು ಅವನು ತಿಳಿದಿದ್ದ.

ಪ್ರೆಸ್ಸು ನೆಟ್ಟಗೆ ನಡೆಯುತ್ತಿದೆಯೋ ಇಲ್ಲವೋ ನೋಡಬೇಕಾದರೆ ಅವನು ಅದರ ಮೈಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ನಡುಕ ಕೈಗೆ ಸಮನಾಗಿ ತಾಗಿದರೆ ಸರಿ, ಎಲ್ಲೋ ಎಡವಿದಂತಾದರೆ ಅಚ್ಚು ಸಡಿಲಾಗಿದೆ ಎಂದು ಅರ್ಥ. ಆ ಗದ್ದಲದಲ್ಲಿ ಕಿವಿ ನಂಬಿ ಕೆಲಸ ಮಾಡಿದವರು ಕೆಟ್ಟರು, ಕೈ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ. ಪಕ್ಕದ ಪ್ರೆಸ್ಸಿನ ನಿಂಗಣ್ಣ ಮಾತ್ರ ಎರಡೂ ಕಿವಿಗೆ ಅರಿವೆಯ ಚೂರು ತುರುಕಿಕೊಂಡು ಕೆಲಸಕ್ಕೆ ನಿಲ್ಲುತ್ತಿದ್ದ. ಅವನಿಗೆ ‘ಬಾಣಂತಿ’ ಎಂದು ಹೆಸರಿಟ್ಟು ಶೆಡ್ಡಿಗೆಲ್ಲ ನಗೆ ಹಂಚಿದವನು ಸಿದ್ದರಾಮಪ್ಪನೇ. ನಿಂಗಣ್ಣ ಕೋಪ ಮಾಡಿಕೊಳ್ಳಲಿಲ್ಲ. ಅರಿವೆ ಕಿವಿಯಲ್ಲಿತ್ತಲ್ಲ, ಅರ್ಧ ಕೇಳಿಸಿರಲಿಕ್ಕಿಲ್ಲ.

ಮದುವೆಯಲ್ಲಿ ಮಾವ ಒಂದು ಟ್ರಾನ್ಸಿಸ್ಟರ್ ರೇಡಿಯೋ ಕೊಟ್ಟಿದ್ದ. ಚರ್ಮದ ಚೀಲ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ, ನೋಡಲು ಬಲು ಠೀವಿ. ಹೊತ್ತು ಮುಳುಗಿದ ಮೇಲೆ ಅದರಲ್ಲಿ ಧಾರವಾಡ ಹಿಡಿಯುತ್ತಿತ್ತು. ಜೋಗೇಶ್ವರಿಯ ಚಾಳಿನಲ್ಲಿ ಕೂತು ಜೋಳದ ಪೇಟೆ ಧಾರಣೆ ಕೇಳುವುದರಲ್ಲಿ ಏನು ಲಾಭವೋ, ಅವನಿಗೆ ಮಾತ್ರ ಅದು ಉಂಡಷ್ಟೇ ಸಮಾಧಾನ. ಆದರೆ ಬರಬರುತ್ತ ಧಾರವಾಡದವರ ದನಿ ಸಣ್ಣದಾಗತೊಡಗಿತು. ಸಿದ್ದರಾಮಪ್ಪ ಸೆಲ್ಲು ಬದಲಿಸಿದ. ಸೆಲ್ಲಿನ ಅಂಗಡಿ ಬದಲಿಸಿದ. ಕೊನೆಗೆ, ಧಾರವಾಡದವರೂ ಮುಂಬೈಯವರ ಹಾಗೆ ಮಾತಾಡಲು ಕಲಿತರು ಎಂದು ತೀರ್ಮಾನಿಸಿ ಕೈಬಿಟ್ಟ.

ಹೆಂಡತಿ ರುದ್ರವ್ವ ಮೊದಲ ಸಲ ಗರ್ಭಿಣಿಯಾದದ್ದು ಅರವತ್ತೆಂಟನೇ ಇಸವಿಯಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ಪದ್ಧತಿ. ಅವಳಿಗೆ ತಾಯಿ ಇರಲಿಲ್ಲವಾದ್ದರಿಂದ ಸಿದ್ದರಾಮಪ್ಪನ ಅಕ್ಕ ಅಂಬವ್ವ ಬಾಣಂತನ ಮಾಡಲು ಊರಿನಿಂದ ಗಂಟುಮೂಟೆ ಸಮೇತ ಬಂದಿಳಿದಳು. ಹೆಣ್ಣು ಹುಟ್ಟಿತು. ಹೆಸರಿಡುವ ದಿನ ಒಂದೇ ಖೋಲಿಯ ಆ ಮನೆಯಲ್ಲಿ ಚಾಳಿನ ಹೆಂಗಸರೆಲ್ಲ ತೊಟ್ಟಿಲ ಸುತ್ತ ಒತ್ತಿಕೊಂಡು ನಿಂತರು. ಕೂಸಿನ ಕಿವಿಗೆ ಹೆಸರು ಹಾಕುವ ಹಕ್ಕು ಸೋದರತ್ತೆಯದು. ಅಂಬವ್ವ ತೊಟ್ಟಿಲೊಳಗೆ ಬಾಗಿ, ಕೂಸಿನ ಕಿವಿಗೆ ಅಂಗೈ ಮರೆ ಮಾಡಿ, “ಕುರ್ರ್… ಕುರ್ರ್…” ಎಂದು ಮೆಲ್ಲಗೆ ಊದಿ, ಪಿಸುಮಾತಿನಲ್ಲಿ “ಕಸ್ತೂರಿ” ಎಂದಳು. ಅಷ್ಟು ಹೊತ್ತಿಗೆ ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದಿದರು. ಪಕ್ಕದ ಖೋಲಿಯ ನೀಲಾಬಾಯಿ ಮರಾಠಿಯವಳು. ಅವರಲ್ಲೂ ಇದೇ ಪದ್ಧತಿ ಇದ್ದದ್ದರಿಂದ ಅವಳ ಗುದ್ದು ಎಲ್ಲರಿಗಿಂತ ಗಟ್ಟಿ ಬಿತ್ತು. ನಗೆ, ಕೂಗಾಟ, ಕೊಬ್ಬರಿ, ಸಕ್ಕರೆ. ಅದುವರೆಗೆ ಕಿರುಚುತ್ತಿದ್ದ ಕೂಸು ಆ ‘ಕುರ್ರ್’ ಕೇಳಿ ಗಪ್ಪಾದದ್ದನ್ನು ಬಾಗಿಲಲ್ಲಿ ನಿಂತ ಸಿದ್ದರಾಮಪ್ಪ ಕಣ್ಣಾರೆ ಕಂಡ.

ಕೂಸಿನದು ಒಂದು ವಿಚಿತ್ರ ಗುಣ. ಖೋಲಿಯ ಹಿಂದಿನ ಗೋಡೆಯ ಆಚೆಗೇ ಶೆಡ್ಡು. ಬೇರೆ ಮಕ್ಕಳು ಗದ್ದಲಕ್ಕೆ ಏಳುತ್ತವೆ, ಕಸ್ತೂರಿ ಗದ್ದಲ ನಿಂತರೆ ಏಳುತ್ತಿದ್ದಳು. ಹಗಲೆಲ್ಲ ಪ್ರೆಸ್ಸು ಬಡಿಯುವಾಗ ಗಡದ್ದಾಗಿ ನಿದ್ದೆ. ಸಂಜೆ ಶೆಡ್ಡು ಬಂದ್ ಆಗಿ, ಅಪ್ಪ ಕೈಕಾಲು ತೊಳೆದು ಒಳಗೆ ಕಾಲಿಟ್ಟ ಕೂಡಲೆ ಚೀರಾಟ. ಪ್ರೆಸ್ಸಿನವನ ಮಗಳಪ್ಪಾ ಎಂದು ಸಿದ್ದರಾಮಪ್ಪನಿಗೆ ಒಳಗೊಳಗೇ ಹೆಮ್ಮೆ. ಎತ್ತಿಕೊಂಡು ತಿರುಗುವ ರುದ್ರವ್ವನಿಗೆ ಹೆಮ್ಮೆ ಪಡಲು ಪುರಸೊತ್ತಿರಲಿಲ್ಲ. ಅಂಬವ್ವ ಇರುವ ತನಕ ಅವಳೇ ತೊಟ್ಟಿಲಿಗೆ ಬಾಗಿ ‘ಕುರ್ರ್’ ಎಂದು ಮಲಗಿಸುತ್ತಿದ್ದಳು. ಬಾಣಂತನ ಮುಗಿಸಿ ಅವಳು ಊರಿಗೆ ಹೋದ ಮೇಲೆ ಗಂಡಹೆಂಡಿರು ಇಬ್ಬರೂ ಕುರ್ರೆಂದು ನೋಡಿದರು. ಕೂಸು ಒಪ್ಪಲಿಲ್ಲ.

ಹೀಗಿರುವಾಗ ಒಂದು ಸಂಜೆ ಅವನು ಧಾರವಾಡ ಹುಡುಕುತ್ತ ರೇಡಿಯೋದ ಮುಳ್ಳು ತಿರುವುತ್ತಿದ್ದ. ಒಂದು ಸ್ಟೇಷನ್ನು ಬಿಟ್ಟು ಇನ್ನೊಂದು ಸಿಗುವ ಮೊದಲು ನಡುವೆ ಯಾವ ಮಾತೂ ಹಾಡೂ ಇಲ್ಲದ ಬಯಲು ಬರುತ್ತದಲ್ಲ, ಅಲ್ಲಿ ರೇಡಿಯೋ ‘ಕರ್ರ್’ ಎಂದು ಒಂದೇ ಸಮನೆ ಸುರಿಯತೊಡಗಿತು. ಮೂರು ಮನೆಗೆ ಕೇಳುವಂತೆ ಅಳುತ್ತಿದ್ದ ಕೂಸು ಬಿಕ್ಕು ನಿಲ್ಲಿಸಿ, ಕಣ್ಣು ಅರಳಿಸಿ, ಹಾಗೇ ಕಣ್ಣು ಮುಚ್ಚಿತು.

“ಏ ರುದ್ರಾ, ಬಾರ ಇಲ್ಲೆ! ಸ್ವಾದರತ್ತಿ ಸಿಕ್ಕಳು!” ಎಂದು ಅವನು ಕೂಗಿದ ಕೂಗಿಗೆ ಕೂಸು ಮತ್ತೆ ಎದ್ದಿತು. ಆದರೆ ಔಷಧ ಸಿಕ್ಕಿತ್ತು. ಅಂದಿನಿಂದ ರೇಡಿಯೋದ ಹೆಸರೇ ಸ್ವಾದರತ್ತಿ ಆಯಿತು. ಅವನು ಅದನ್ನು ಪಟ್ಟಿಯ ಸಮೇತ ತೊಟ್ಟಿಲ ಹಗ್ಗಕ್ಕೆ ಕಟ್ಟಿ ತೂಗುಬಿಟ್ಟ. ಕೂಸಿನ ತಲೆಗೂ ಅದಕ್ಕೂ ಒಂದು ಗೇಣು. ತೊಟ್ಟಿಲು ತೂಗಿದರೆ ಅತ್ತೆಯೂ ಜೊತೆಗೇ ತೂಗುತ್ತಿದ್ದಳು. ಬರಬರುತ್ತ ಹಗಲೂ ಅದು ಹಚ್ಚಿಯೇ ಇರುತ್ತಿತ್ತು.

ದನಿ ಎಷ್ಟಿರಬೇಕು ಎಂಬುದನ್ನು ಅವನು ಶೆಡ್ಡಿನ ರೀತಿಯಲ್ಲೇ ಗೊತ್ತುಮಾಡಿದ. ಒಂದು ಕೈಯಿಂದ ಗುಂಡಿ ತಿರುವುತ್ತ, ಇನ್ನೊಂದು ಅಂಗೈಯನ್ನು ರೇಡಿಯೋದ ಮೈಮೇಲೆ ಇಟ್ಟ. ಚರ್ಮದ ಚೀಲ ಅಂಗೈ ಕೆಳಗೆ ಸಣ್ಣಗೆ ನಡುಗತೊಡಗಿದಾಗ “ಹಾಂ, ಈಗ ಬರೋಬರಿ” ಎಂದ. ರುದ್ರವ್ವನಿಗೆ ಅದು ಕಿವಿಗೆ ಬಡಿದಂತಾಯಿತು.

“ಸಾವಕಾಶ ಇಡ್ರೀ, ಕೂಸು ಐತಿ.”

“ಸಾವಕಾಶನ ಐತೆಲ್ಲ?” ಎಂದ ಅವನು. ಹಾರಿಕೆಯ ಮಾತಾಡುವುದು ಅವನ ಜಾಯಮಾನವಲ್ಲ, ಅವನಿಗೆ ನಿಜಕ್ಕೂ ಹಾಗೇ ಅನಿಸಿತ್ತು. ಅವನು ಕೆಲಸಕ್ಕೆ ಹೋದ ಮೇಲೆ ಅವಳು ಗುಂಡಿ ತಿರುವಿ ತಗ್ಗಿಸುತ್ತಿದ್ದಳು. ಸಂಜೆ ಬಂದವನೇ ರೇಡಿಯೋದ ಮೇಲೆ ಅಂಗೈ ಇಟ್ಟು, ನಡುಕ ಸಿಗದೆ, “ಮತ್ತ ಸೆಲ್ಲು ಸತ್ತಾವ” ಎಂದು ಗೊಣಗಿ ಏರಿಸುತ್ತಿದ್ದ. ಗಂಡ ಕಾಳಜಿಯಿಂದ ರೇಡಿಯೋ ಸವರುತ್ತಾನೆ ಎಂದು ಅವಳು ಮೊದಲು ತಿಳಿದಳು. ಯಂತ್ರದ ವಿಷಯ ತನಗಿಂತ ಅವನಿಗೆ ಗೊತ್ತು ಎಂದೂ ಸಮಾಧಾನ ಮಾಡಿಕೊಂಡಳು. ಕೆಲವು ದಿನಕ್ಕೆ ತಗ್ಗಿಸುವುದನ್ನೇ ಬಿಟ್ಟಳು. ಗದ್ದಲ ಮೈಗಂಟಿತು ಅನ್ನಿ.

ಇದರಿಂದ ಮನೆಯಲ್ಲಿ ಒಂದು ಬದಲಾವಣೆ ಆಯಿತು. ರೇಡಿಯೋದ ಸದ್ದು ಮೀರಿ ಮಾತು ಕೇಳಿಸಬೇಕೆಂದರೆ ಎಲ್ಲರೂ ಕೂಗಿ ಮಾತಾಡಬೇಕು. ರುದ್ರವ್ವ ಕೂಗಿದಳು, ಸಕ್ಕರೆ ಕೇಳಲು ಬರುವ ನೀಲಾಬಾಯಿಯೂ ಕೂಗಿದಳು. ಸಿದ್ದರಾಮಪ್ಪನಿಗೆ ಬಹಳ ವರ್ಷದ ಮೇಲೆ ಮನೆಯ ಮಾತು ಪೂರಾ ತಿಳಿಯತೊಡಗಿತು. ಕೂಸು ಹುಟ್ಟಿದ ಮೇಲೆ ಮನೆಯವರು ನೆಟ್ಟಗೆ ಮಾತಾಡಲು ಕಲಿತರು ಎಂದು ಅವನು ಕಟ್ಟೆಯ ಮೇಲೆ ಸಾರಿದ. ಅಷ್ಟು ಸುಖವಾಗಿ ಅವನು ಮುಂಬೈಯಲ್ಲಿ ಎಂದೂ ಇದ್ದಿರಲಿಲ್ಲ.

ಕೂಸಿನ ಜಾವಳ ತೆಗೆಸುವುದಕ್ಕೆಂದು ಅಂಬವ್ವ ಮತ್ತೆ ಬಂದಳು. ಅಷ್ಟರಲ್ಲಿ ಕಸ್ತೂರಿ ಕೂರುವಷ್ಟಾಗಿದ್ದಳು, ಎರಡು ಹಲ್ಲೂ ಬಂದಿದ್ದವು. ಅಂಬವ್ವ ಹೊಸಿಲು ದಾಟುವಾಗಲೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಊರ ಬಯಲಿನಿಂದ ಬಂದವಳು, ಅವಳ ಕಿವಿಗಳು ಇನ್ನೂ ಅವಳ ಹತ್ತಿರವೇ ಇದ್ದವು. ಕೂಸು ತೊಟ್ಟಿಲಲ್ಲಿ ಎಚ್ಚರವಾಗಿ ಮಲಗಿ ಹಗ್ಗದ ಗೊಂಡೆ ನೋಡುತ್ತಿತ್ತು. “ಕಸ್ತೂರೀ” ಎಂದಳು ಅಂಬವ್ವ, ತಲೆಯ ಹಿಂದಿನಿಂದ. ಕೂಸು ತಿರುಗಲಿಲ್ಲ. ಚಪ್ಪಾಳೆ ತಟ್ಟಿದಳು. ತಿರುಗಲಿಲ್ಲ. ರೇಡಿಯೋ ಬಂದ್ ಮಾಡಿ, ತಟ್ಟೆಗೆ ಲೋಟ ಬಡಿದಳು. ಗೋಡೆಯಾಚೆ ಪ್ರೆಸ್ಸುಗಳು ತಮ್ಮ ಪಾಡಿಗೆ ಬಡಿಯುತ್ತಲೇ ಇದ್ದವು, ಕೂಸು ತನ್ನ ಪಾಡಿಗೆ ಗೊಂಡೆ ನೋಡುತ್ತಲೇ ಇತ್ತು.

ಸಂಜೆ ಸಿದ್ದರಾಮಪ್ಪ ಬಂದು ವಾಡಿಕೆಯಂತೆ ರೇಡಿಯೋಕ್ಕೆ ಕೈ ಹಾಕಿದ ಕೂಡಲೆ ಅಂಬವ್ವ ಅವನ ಬೆನ್ನಿಗೆ ಗುದ್ದಿದಳು. ಹೆಸರಿಡುವ ದಿನ ತಾನು ತಿಂದ ಅಷ್ಟೂ ಗುದ್ದನ್ನು ಒಂದರಲ್ಲೇ ತೀರಿಸಿದಂತಿತ್ತು.

“ಸಿದ್ದ್ಯಾ! ಕಿವ್ಯಾಗ ಹೇಳೂದು ಪಿಸುಮಾತು ಇರತೈತೋ. ನೀ ಹಸುಗೂಸಿನ ಕಿವ್ಯಾಗ ಪ್ರೆಸ್ಸ ತಂದು ಇಟ್ಟೀಯಲ್ಲ! ಕೂಸಿಗಿ ಕಿವಿ ಕೇಳಸೂದಿಲ್ಲೋ, ಖೋಡಿ!”

ಇಷ್ಟು ಮಾತನ್ನು ಅವಳು ಅವನ ಮುಖಕ್ಕೆ ಮುಖ ಕೊಟ್ಟು ಕೂಗಿದ್ದರಿಂದ ಒಂದಕ್ಷರವೂ ತಪ್ಪಲಿಲ್ಲ. ಅವನು ರುದ್ರವ್ವನ ಕಡೆ ನೋಡಿದ. ಅವಳು ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

“ನಿನಗೂ ಹಂಗ ಅನಸ್ತೈತೇನು?”

“ಕರದರ ನೋಡೂದಿಲ್ರೀ. ಭಾಳ ದಿನಾತು. ಹೇಳಾಕ ಧೈರ್ಯ ಆಗಲಿಲ್ಲ.”

ಸಿದ್ದರಾಮಪ್ಪ ಹೆದರುವವನಲ್ಲ. ಪ್ರೆಸ್ಸಿನ ಬಾಯಿಗೆ ದಿನವೂ ಬೆರಳು ಕೊಟ್ಟು ತೆಗೆಯುವವನು, ಅವನ ಹತ್ತೂ ಬೆರಳು ಇನ್ನೂ ಇದ್ದವು. ಈಗ ಮಾತ್ರ ಹೆದರಿದ. ತಾನೇ, ತನ್ನ ಕೈಯಾರೆ, ಬರೋಬರಿ ಎಂದು ಹೇಳಿ ಹೇಳಿ ಮಗಳ ಕಿವಿ ತೆಗೆದೆನೇನೋ ಎಂಬ ವಿಚಾರ ಹೊಕ್ಕಿತು. ರೊಟ್ಟಿ ಮುರಿದವನು ಹಾಗೇ ಬಿಟ್ಟು ಕೈ ತೊಳೆದ.

“ಅಷ್ಟೇನ ದೊಡ್ಡದಿರಲಿಲ್ಲಕ್ಕಾ. ಗುಂಯ್ ಅಂತಿತ್ತು, ಅಷ್ಟ. ನಿನ್ನ ಆಣಿ” ಎಂದ. ಅಂಬವ್ವ ಅವನನ್ನೇ ದಿಟ್ಟಿಸಿದಳು. ತಮ್ಮ ಸುಳ್ಳು ಹೇಳುವಾಗ ಹೇಗೆ ಹೇಳುತ್ತಾನೆಂದು ಅವಳಿಗೆ ಗೊತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ.

ಮರುದಿನ ರಜೆ ಹಾಕಿ ಮೂವರೂ ಕೂಸನ್ನು ಎತ್ತಿಕೊಂಡು ಲೋಕಲ್ ಹತ್ತಿದರು. ಶಹರದ ದೊಡ್ಡಾಸ್ಪತ್ರೆಯಲ್ಲಿ ಕಿವಿ ನೋಡುವ ಡಾಕ್ಟರಬಾಯಿ ಒಬ್ಬಳು ಇದ್ದಾಳೆಂದು ನೀಲಾಬಾಯಿ ಹೇಳಿದ್ದಳು. ಗಾಡಿಯ ಗದ್ದಲದಲ್ಲಿ ಕಸ್ತೂರಿ ಸುಖವಾಗಿ ನಿದ್ದೆ ಹೊಡೆದಳು. ಸಿದ್ದರಾಮಪ್ಪ ದಾರಿಯುದ್ದಕ್ಕೂ ಅವಳ ಕಿವಿಗಳನ್ನೇ ನೋಡುತ್ತಿದ್ದ. ಹೊರಗಿನಿಂದ ಚೊಕ್ಕವಾಗಿ, ಹೊಸದಾಗಿ ಕಾಣುತ್ತಿದ್ದವು. ಕಿವುಡಿ ಮಗಳನ್ನು ಯಾರು ಮಾಡಿಕೊಂಡಾರು, ಸಾಲೆಯಲ್ಲಿ ಏನು ಕಲಿತಾಳು, ಅಡ್ಡ ಬಂದ ಗಾಡಿ ಅವಳಿಗೆ ಹೇಗೆ ತಿಳಿದೀತು. ಇಷ್ಟು ದಿನ ಒಂದು ವಿಚಾರವನ್ನೂ ಪೂರಾ ಮಾಡದ ಅವನ ತಲೆ ಅಂದು ಎಲ್ಲವನ್ನೂ ಪೂರಾ ಮಾಡಿತು.

ಡಾಕ್ಟರಬಾಯಿ ನಡುವಯಸ್ಸಿನ ಮರಾಠಿ ಹೆಂಗಸು, ಮಾತು ಕಡಿಮೆ. ಕೂಸಿನ ಕಿವಿಯೊಳಗೆ ದೀಪ ಹಿಡಿದು ನೋಡಿದಳು. ರುದ್ರವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಳ್ಳಲು ಹೇಳಿದಳು. ಕೂಸಿನ ಮುಂದೆ ಒಬ್ಬ ನರ್ಸು ಕೆಂಪು ಚೆಂಡು ಹಿಡಿದು ಕೂತಳು. ಸಿದ್ದರಾಮಪ್ಪ ಅಂಬವ್ವರನ್ನು ನರ್ಸಿನ ಹಿಂದೆ ನಿಲ್ಲಿಸಿ, ಯಾರೂ ಸದ್ದು ಮಾಡಬಾರದು ಎಂದಳು. ಆಮೇಲೆ ತಾನು ಕೂಸಿನ ಬೆನ್ನ ಹಿಂದಿದ್ದ ಹಸಿರು ಪರದೆಯ ಆಚೆ ಹೋದಳು.

ಸಿದ್ದರಾಮಪ್ಪ ಮಗಳ ಮುಖ ನೋಡುತ್ತ ನಿಂತ. ಪರೀಕ್ಷೆ ಯಾವಾಗ ಸುರುವಾಗುತ್ತದೋ ಎಂದು ಕಾದ. ಡಾಕ್ಟರಬಾಯಿ ಒಳಗೆ ಏನೋ ಹುಡುಕುತ್ತಿರಬೇಕು ಎಂದುಕೊಂಡ. ಕೂಸು ಚೆಂಡು ನೋಡುತ್ತಿತ್ತು. ಹಠಾತ್ತನೆ ಚೆಂಡು ಬಿಟ್ಟು ಎಡಕ್ಕೆ ಹೊರಳಿ ಪರದೆಯ ಕಡೆ ನೋಡಿತು. ನರ್ಸು ಚೆಂಡು ಆಡಿಸಿ ಮತ್ತೆ ಈ ಕಡೆಗೆ ಸೆಳೆದಳು. ಸ್ವಲ್ಪ ಹೊತ್ತಾದ ಮೇಲೆ ಕೂಸು ಈಗ ಬಲಕ್ಕೆ ಹೊರಳಿ, ಬಾಯಿ ತೆರೆದು, ಪರದೆಯ ಆ ತುದಿಯನ್ನು ನೋಡಿತು.

ಪರೀಕ್ಷೆಯ ಹೊತ್ತಿನಲ್ಲಿ ಕೂಸಿನ ಲಕ್ಷ್ಯ ಎಲ್ಲೆಲ್ಲೋ ಹೋಗುತ್ತಿದೆಯಲ್ಲ ಎಂದು ಸಿದ್ದರಾಮಪ್ಪನಿಗೆ ತಳಮಳವಾಯಿತು. ಅಕ್ಕನ ಕಡೆ ಬಾಗಿ, ತನ್ನ ಮಟ್ಟಿಗೆ ಪಿಸುಗುಟ್ಟಿ, ಅಂದರೆ ಹೊರಗೆ ಬೆಂಚಿನ ಮೇಲೆ ಕೂತ ಪೇಷಂಟುಗಳಿಗೂ ಕೇಳುವಂತೆ,

“ಅಲ್ಲೇನ ನೋಡಾಕತ್ತೈತಿ ಕೂಸು? ಹಲ್ಲಿ ಐತೇನು?” ಎಂದ.

ಅಂಬವ್ವ ಅವನನ್ನು ನೋಡುತ್ತಿದ್ದಳು. ರುದ್ರವ್ವ ಸ್ಟೂಲಿನ ಮೇಲೆ ಕೂತಲ್ಲಿಂದಲೇ ತಲೆಯೆತ್ತಿ ಅವನನ್ನು ನೋಡುತ್ತಿದ್ದಳು. ನರ್ಸು ಕೂಡ ಚೆಂಡು ಕೆಳಗಿಟ್ಟು ಅವನನ್ನೇ ನೋಡಿದಳು. ಪರದೆ ಸರಿಸಿ ಡಾಕ್ಟರಬಾಯಿ ಹೊರಗೆ ಬಂದಳು.

“ಏನಾತು? ಕೂಸಿಗಿ ಕೇಳಸೂದಿಲ್ಲೇನು?” ಎಂದು ಅವನು ಮುಂದೆ ನುಗ್ಗಿದ.

“ಕೇಳಸ್ತೈತ್ರೀ” ಎಂದಳು ರುದ್ರವ್ವ. “ಎರಡೂ ಕಿವಿಗಿ ಕೇಳಸ್ತೈತಿ.”

“ಮತ್ಯಾಕ ಹಂಗ ನೋಡ್ತೀರಿ ನನ್ನ?”

ಡಾಕ್ಟರಬಾಯಿ ಅವನೆದುರಿಗೆ ಬಂದು ನಿಂತು ಕೈ ಮುಂದೆ ಮಾಡಿದಳು. ಕೈಯಲ್ಲಿ ಒಂದು ಪಿಂಗಾಣಿ ಕಪ್ಪು, ಒಂದು ಚಮಚ. ಚಮಚದಿಂದ ಕಪ್ಪಿನ ಅಂಚನ್ನು ಮೆಲ್ಲಗೆ ತಟ್ಟಿದಳು. ಸಿದ್ದರಾಮಪ್ಪನಿಗೆ ಚಮಚ ಏಳುವುದು ಕಂಡಿತು, ಬೀಳುವುದು ಕಂಡಿತು. ಮತ್ತೆ ತಟ್ಟಿದಳು. ತಾಯಿಯ ತೊಡೆಯ ಮೇಲೆ ಕಸ್ತೂರಿ ಕುಲುಕುಲು ನಗುತ್ತ ಕಪ್ಪಿನ ಕಡೆಗೆ ಕೈ ಚಾಚಿದಳು. ಅವನು ಮಗಳನ್ನು ನೋಡಿದ, ಚಮಚ ನೋಡಿದ, ಮತ್ತೆ ಮಗಳನ್ನು ನೋಡಿದ.

“ಇದಕ್ಕ ದನಿ ಐತೇನು?” ಎಂದ.

ಅಂಬವ್ವ ಹೂಂ ಎಂದು ತಲೆ ಆಡಿಸಿ, ಮುಖ ಆ ಕಡೆ ತಿರುವಿದಳು.

ಡಾಕ್ಟರಬಾಯಿ ರೇಡಿಯೋದ ಕಥೆ ಕೇಳಿ ತಿಳಿದುಕೊಂಡಳು. ಹಗಲಿಡೀ ಗದ್ದಲದಲ್ಲಿ ಬಿದ್ದ ಕೂಸು ಸದ್ದಿಗೆ ಗಮನ ಕೊಡುವುದನ್ನೇ ಬಿಟ್ಟಿತ್ತು, ಸಮಾಧಾನದ ಜಾಗದಲ್ಲಿ ಕೂರಿಸಿದ ಕೂಡಲೆ ಕಿವಿ ಅರಳಿತು ಎಂದಳು. ಹೀಗೇ ವರ್ಷ ಕಳೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದೂ ಸೇರಿಸಿದಳು. ಕೂಸು ಮಲಗಲು ಬೇಕೇ ಬೇಕಾದರೆ ರೇಡಿಯೋವನ್ನು ತೊಟ್ಟಿಲಿನಿಂದ ತೆಗೆದು ಖೋಲಿಯ ಆ ಮೂಲೆಗೆ ಇಡಿ, ನೀವು ಸಹಜವಾಗಿ ಆಡಿದ ಮಾತು ಅದರ ಸದ್ದು ಮೀರಿ ಕೇಳಬೇಕು, ನಿದ್ದೆ ಹತ್ತಿದ ಮೇಲೆ ಬಂದ್ ಮಾಡಿ. ಇದಿಷ್ಟನ್ನೂ ರುದ್ರವ್ವನಿಗೆ ಹೇಳಿದಳು. ಸಿದ್ದರಾಮಪ್ಪನಿಗೆ ಎದುರು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದ್ದು ಬೇರೆ. ಅವನ ಕಿವಿಗಳಲ್ಲಿ ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನಾದರೂ ಅರಿವೆ ತುಂಬಿ ಕಾಪಾಡಿಕೊಳ್ಳಬೇಕು. ಅವನು ಅವಳ ತುಟಿ ನೋಡಿ ಎಲ್ಲ ತಿಳಿದುಕೊಂಡ. ಆ ವಿದ್ಯೆ ತನ್ನ ಜಾಣತನವಲ್ಲ ಎಂಬುದು ಅವನಿಗೆ ಅಲ್ಲಿಯೇ, ಹಾಗೆ ನಿಂತಲ್ಲಿಯೇ ಹೊಳೆಯಿತು.

ಮರುದಿನ ಶೆಡ್ಡಿನಲ್ಲಿ ಅವನು ಪ್ರೆಸ್ಸಿನ ಮುಂದೆ ಸುಮ್ಮನೆ ನಿಂತ. ಆಮೇಲೆ ನಿಂಗಣ್ಣನ ಹತ್ತಿರ ಹೋಗಿ ತನ್ನ ಕಿವಿ ಮುಟ್ಟಿ ತೋರಿಸಿದ. ‘ಬಾಣಂತಿ’ ಎಂಬ ಮಾತನ್ನು ತಿರುಗಿಸಿ ಕೊಡಲು ನಿಂಗಣ್ಣನಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವನು ತನ್ನ ಅರಿವೆಯ ಚೂರನ್ನು ಹಲ್ಲಿನಿಂದ ಸೀಳಿ, ಅರ್ಧ ಕೊಟ್ಟು, ಮತ್ತೆ ತನ್ನ ಕೆಲಸಕ್ಕೆ ತಿರುಗಿದ.

ಸಂಜೆ ಶೆಡ್ಡು ನಿಂತಿತು, ಕೂಸು ಎದ್ದು ಅಳತೊಡಗಿತು. ರೇಡಿಯೋ ಈಗ ಒಲೆಯಾಚೆಯ ಗೋಡೆಯ ಮಾಡದಲ್ಲಿ, ತೊಟ್ಟಿಲಿಗೆ ದೂರ. ರುದ್ರವ್ವ ಅದನ್ನು ಹಚ್ಚಿದಳು. ಸಿದ್ದರಾಮಪ್ಪ ಹೋಗಿ ಅಂಗೈ ಇಟ್ಟ. ಏನೂ ಇಲ್ಲ, ಕಲ್ಲು ಮುಟ್ಟಿದ ಹಾಗೆ.

“ಹಚ್ಚೀಯೇನು?”

“ಹಚ್ಚೀನ್ರೀ.”

“ಕೂಸಿಗಿ ಕೇಳಸ್ತೈತಿ?”

“ಕೇಳಸ್ತೈತಿ. ನೋಡ್ರಿ, ಗಪ್ಪಾತು.”

ಹೌದು, ಕೂಸು ಗಪ್ಪಾಗಿತ್ತು. ಆದರೂ ಅವನಿಗೆ ಧೈರ್ಯ ಸಾಲಲಿಲ್ಲ. ತನ್ನ ಕೈಯಿಂದ ಗುಂಡಿ ಹಿಡಿದು, ತುಸು ಏರಿಸಿದ. ಎಲ್ಲಿಂದಲೋ ಸಣ್ಣದಾಗಿ ಗುಂಯ್ ಎಂದಂತಾಯಿತು. ಕೂಡಲೆ ರುದ್ರವ್ವನ ಕೈ ಮೇಲೆದ್ದಿತು, ಸಾಕು ಎಂದು. ಅವನು ಇಳಿಸುತ್ತ ಬಂದ. ಗುಂಯ್ ಎಂಬುದು ತೆಳ್ಳಗಾಯಿತು, ಇನ್ನೂ ತೆಳ್ಳಗಾಯಿತು, ಹೋಯಿತು. ಹೋದ ಮೇಲೂ ಇನ್ನಷ್ಟು ಇಳಿಸಿದ. ರುದ್ರವ್ವ ಅಲ್ಲಿಗೆ ತಲೆ ಆಡಿಸಿದಳು. ಹೀಗೆ ಆ ಮನೆಯಲ್ಲಿ ರೇಡಿಯೋಕ್ಕೆ ಒಂದು ಅಳತೆ ಸಿಕ್ಕಿತು. ಅಪ್ಪನಿಗೆ ಏನೇನೂ ಕೇಳಿಸದಿದ್ದರೆ ಮಗಳಿಗೆ ಸರಿ. ತನಗೆ ಏನೂ ಕೇಳುತ್ತಿಲ್ಲ ಎಂದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡು ಸಿದ್ದರಾಮಪ್ಪ ತೊಟ್ಟಿಲ ಹಗ್ಗ ಹಿಡಿದ.

ಅವನು ಆಮೇಲೆಯೂ ಅದೇ ಶೆಡ್ಡಿನಲ್ಲಿ, ಕಿವಿಗೆ ಅರಿವೆ ತುಂಬಿಕೊಂಡು, ಬಹಳ ವರ್ಷ ಮುಚ್ಚಳ ಮಾಡಿದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಮುಂಬೈಯ ಜನರ ಮೇಲಿನ ದೂರನ್ನು ಮಾತ್ರ ಹಿಂತೆಗೆದುಕೊಂಡ. ತಾನೇ ಕಟ್ಟೆಯ ಮೇಲೆ ಕೂತು, ತಪ್ಪು ಅವರದಲ್ಲ ಬಿಡ್ರಿ ಎಂದು ಇಡೀ ಚಾಳಿಗೆ ತಿಳಿಸಿದ. ಕಸ್ತೂರಿ ಬೆಳೆದು ಸಾಲೆಗೆ ಹೋಗತೊಡಗಿದಳು. ಗೆಳತಿಯರೊಡನೆ ಹಿಂದಿ, ನೀಲಾಬಾಯಿಯೊಡನೆ ಮರಾಠಿ, ಅವ್ವನೊಡನೆ ಎಡವುತ್ತ ಎಡವುತ್ತ ಕನ್ನಡ. ಅಪ್ಪನೊಡನೆ ಅವಳಿಗೆ ಬೇರೆಯೇ ಭಾಷೆ ಇತ್ತು. ಮೊದಲು ಮೊಣಕಾಲು ತಟ್ಟಿ, ಎದುರಿಗೆ ಕೂತು, ದನಿಯನ್ನೇ ತೆಗೆಯದೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದಳು. ದನಿ ಹಾಕಿದರೂ ಹಾಕದಿದ್ದರೂ ಅವನಿಗೆ ಒಂದೇ ಎಂದು ಅವಳು ಯಾರೂ ಹೇಳದೆ ಕಂಡುಕೊಂಡಿದ್ದಳು.

ಎಪ್ಪತ್ತಾರರ ಒಂದು ಸಂಜೆ ಅವಳು ಅದೇ ರೇಡಿಯೋದಲ್ಲಿ ಧಾರವಾಡ ಹಿಡಿದು, ಪೇಟೆ ಧಾರಣೆಯನ್ನು ಕೇಳಿ ಕೇಳಿ ಅಪ್ಪನಿಗೆ ತುಟಿಯಲ್ಲಿ ಹೇಳುತ್ತಿದ್ದಳು. ಜೋಳ ಎಷ್ಟು, ಕಡಲೆ ಎಷ್ಟು, ಕುಸುಬೆ ಎಷ್ಟು. ಅವನು ಅವಳ ಮುಖದಿಂದ ಕಣ್ಣು ಕೀಳದೆ ಕೂತಿದ್ದ. ನಡುವೆ ಅವಳಿಗೆ ಏನನಿಸಿತೋ, ಗುಂಡಿಯ ಮೇಲೆ ಬೆರಳಿಟ್ಟು, ದೊಡ್ಡದು ಮಾಡಲೇನಪ್ಪಾ ಎಂದು ತುಟಿ ಅಲ್ಲಾಡಿಸಿದಳು.

“ಬ್ಯಾಡ” ಎಂದ ಸಿದ್ದರಾಮಪ್ಪ, ಇಡೀ ಚಾಳಿಗೆ ಕೇಳುವಂತೆ. “ನಿನಗ ಕೇಳಸ್ತೈತಿಲ್ಲ? ಅಷ್ಟ ಸಾಕು.”